ಬ್ಲೂಬೆರಿ ಗಿಡ ಯಾಕೆ ಉಳಿಯುವುದಿಲ್ಲ? ಮಣ್ಣಿನ ಪರೀಕ್ಷೆಯಿಂದ ಕೊಯ್ಲಿನವರೆಗೆ ಹಂತ ಹಂತವಾಗಿ

ನರ್ಸರಿಯಿಂದ ತಂದಾಗ ಗಿಡ ಹಸಿರಾಗಿ, ಗಟ್ಟಿಮುಟ್ಟಾಗಿಯೇ ಇರುತ್ತದೆ. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಚಿಗುರೆಲೆ ಹಳದಿಗೆ ತಿರುಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದೇನೋ ಎಂದು ಗೊಬ್ಬರ ಹಾಕುತ್ತಾರೆ, ಎಲೆಯಂಚು ಸುಡುತ್ತದೆ. ನೀರು ಸಾಲದೇನೋ ಎಂದು ನೀರು ಹೆಚ್ಚಿಸುತ್ತಾರೆ, ಬೇರು ಕೊಳೆಯುತ್ತದೆ. ಬ್ಲೂಬೆರಿ ಬೆಳೆಸಲು ಹೋಗಿ ಕೈಬಿಟ್ಟವರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ.

ಮೊದಲು ಗಿಡ ತಂದು, ಆಮೇಲೆ ಮಣ್ಣಿನ ಬಗ್ಗೆ ಯೋಚಿಸುವುದೇ ಇದಕ್ಕೆಲ್ಲ ಮೂಲ. ಈ ಗಿಡದ ವಿಷಯದಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಮಣ್ಣು ಮತ್ತು ನೀರಿನ ಪರೀಕ್ಷೆ, ನಂತರ ಜಾಗದ ತೀರ್ಮಾನ, ನಂತರ ತಳಿ, ನಂತರ ಮಣ್ಣಿನ ಸಿದ್ಧತೆ. ಗಿಡ ಮನೆಗೆ ಬರುವುದು ಇವೆಲ್ಲ ಮುಗಿದ ಮೇಲೆ.

ಕಾರಣ ಬೇರಿನಲ್ಲಿದೆ. ಬ್ಲೂಬೆರಿಯ ಬೇರು ನೂಲಿನಷ್ಟು ತೆಳು, ಅದರಲ್ಲಿ ಬೇರುರೋಮಗಳಿಲ್ಲ. ಬಹುಪಾಲು ಬೇರು ಮೇಲಿನ ಒಂದು ಅಡಿಯೊಳಗೇ ಹರಡುತ್ತದೆ. ಮಣ್ಣಿನ ರಸಸಾರ, ಅಂದರೆ ಪಿಎಚ್ (ಅಂಕಿ ಇಳಿದಷ್ಟೂ ಮಣ್ಣು ಹೆಚ್ಚು ಹುಳಿ), 4.5ರಿಂದ 5.5ರ ನಡುವೆ ಇದ್ದರೆ ಮಾತ್ರ ಈ ಬೇರು ಕಬ್ಬಿಣದಂಥ ಪೋಷಕಾಂಶಗಳನ್ನು ಸರಿಯಾಗಿ ಹೀರುತ್ತದೆ. ತರಕಾರಿ ಗಿಡಗಳಿಗೆ ಒಗ್ಗುವ 6ರಿಂದ 7ರ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಇದರ ಪಾಲಿಗೆ ಇಲ್ಲದಂತೆಯೇ. ಪಿಎಚ್‌ನಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಆಮ್ಲೀಯತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನೂ ನೆನಪಿಡಿ. 6.5ರ ಮಣ್ಣನ್ನು 'ಸುಮಾರಾಗಿ ಸರಿ' ಎಂದುಕೊಳ್ಳುವಂತಿಲ್ಲ.

ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

- ಡಿಜಿಟಲ್ ಪಿಎಚ್ ಮೀಟರ್, ಅದನ್ನು ಸರಿಹೊಂದಿಸಲು 4 ಮತ್ತು 7ರ ಬಫರ್ ದ್ರಾವಣ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ)
- ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ, ಬಿಳಿ ವಿನೆಗರ್ ಸ್ವಲ್ಪ
- ಗಂಧಕದ ಪುಡಿ, ಸಿಟ್ರಿಕ್ ಆಮ್ಲ
- ಪೀಟ್ ಮಾಸ್ (ಜೌಗು ನೆಲದಲ್ಲಿ ಅರೆಕೊಳೆತ ಪಾಚಿಯ ಹುಳಿ ಪುಡಿ), ಪೈನ್ ತೊಗಟೆಯ ಚೂರು, ಪರ್ಲೈಟ್ (ಮಿಶ್ರಣವನ್ನು ಸಡಿಲವಾಗಿಡುವ ಹಗುರ ಬಿಳಿ ಹರಳು)
- ಹರಿತವಾದ ಸವರುವ ಕತ್ತರಿ, ಹಕ್ಕಿ ಬಲೆ

ಮಣ್ಣಿಗೆ ಎರಡು ಕಡ್ಡಿ ಚುಚ್ಚಿ ಮುಳ್ಳು ತಿರುಗುವುದನ್ನು ನೋಡುವ ಅಗ್ಗದ ಮೀಟರನ್ನು ಮಾತ್ರ ನಂಬಬೇಡಿ. ಒಂದೇ ಕುಂಡದಲ್ಲಿ ಎರಡು ಕಡೆ ಚುಚ್ಚಿದರೆ ಎರಡು ಬಗೆಯ ಉತ್ತರ ಕೊಡುವ ಸಾಧನವದು.

## ಹಂತ 1: ಮಣ್ಣು ಮತ್ತು ನೀರಿನ ಪರೀಕ್ಷೆ

ಗಿಡ ನೆಡಬೇಕೆಂದಿರುವ ಜಾಗದಲ್ಲಿ ನಾಲ್ಕೈದು ಕಡೆ 15ರಿಂದ 20 ಸೆಂ.ಮೀ. ಆಳದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ. ಒಂದು ಲೋಟ ಮಣ್ಣಿಗೆ ಎರಡು ಲೋಟ ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಮತ್ತೊಮ್ಮೆ ಕಲಕಿ ಮೀಟರ್ ಅದ್ದಿ. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಮಣ್ಣಿನ ಜೊತೆ ನೀರಿನ ಗುಣವೂ ಸೇರಿಕೊಂಡು ಲೆಕ್ಕ ತಪ್ಪುತ್ತದೆ.

ಇನ್ನೊಂದು ಹಿಡಿ ಒಣಮಣ್ಣಿಗೆ ವಿನೆಗರ್ ಸುರಿದು ನೋಡಿ. ಬುರುಬುರು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಅಂಥ ನೆಲದಲ್ಲಿ ಎಷ್ಟು ಗಂಧಕ ಹಾಕಿದರೂ ಸುಣ್ಣ ಅದನ್ನು ತಿಂದುಹಾಕುತ್ತದೆ. ಹಟ ಮಾಡದೆ ಕುಂಡಕ್ಕೆ ಹೋಗಿ.

ನೀರಿನ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಮಣ್ಣನ್ನು ಎಲ್ಲ ಸರಿಮಾಡಿಕೊಂಡವರ ಗಿಡವೂ ಎರಡನೇ ವರ್ಷಕ್ಕೆ ಹಳದಿಯಾಗುವುದು ಇಲ್ಲೇ. ಗಡಸು ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ. ಪ್ರತಿ ಸಲ ನೀರು ಹಾಕಿದಾಗಲೂ ಅದು ಮಣ್ಣಿನ ಹುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಲ್ಲುತ್ತಾ ಹೋಗುತ್ತದೆ. ಮೀಟರಿನಲ್ಲಿ ಮಳೆನೀರಿಗಿಂತ ಕೊಳವೆಬಾವಿಯ ನೀರು ಸ್ವಲ್ಪವೇ ಹೆಚ್ಚು ತೋರಿಸಬಹುದು, ಆದರೆ ಮಳೆನೀರಿನಲ್ಲಿ ಹುಳಿಯನ್ನು ತಡೆಯುವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮೀಟರಿಗಿಂತ ನೀರು ಕಾಯಿಸುವ ಪಾತ್ರೆಯ ತಳ ಹೆಚ್ಚು ಸತ್ಯ ಹೇಳುತ್ತದೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಏಳುವ ಬಿಳಿ ಪೊರೆ ಕಟ್ಟಿದ್ದರೆ, ಆ ನೀರನ್ನು ಹಾಗೆಯೇ ಈ ಗಿಡಕ್ಕೆ ಹಾಕುವಂತಿಲ್ಲ.

## ಹಂತ 2: ನೆಲವೋ, ಏರುಮಡಿಯೋ, ಕುಂಡವೋ

ಪಿಎಚ್ 5.5ರ ಒಳಗಿದ್ದು ನೀರು ಬೇಗ ಇಂಗುವ ಮಣ್ಣಾದರೆ ನೇರವಾಗಿ ನೆಲದಲ್ಲಿ ನೆಡಬಹುದು. 5.5ರಿಂದ 6.5ರ ನಡುವೆ ಇದ್ದು, ವಿನೆಗರಿಗೆ ನೊರೆ ಬರದಿದ್ದರೆ ಗಂಧಕ ಹಾಕಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಬೇಕು. 6.5 ದಾಟಿದರೆ, ಅಥವಾ ನೊರೆ ಬಂದರೆ, ಕುಂಡವೇ ಸರಿ.

ನೀರಿನ ಇಂಗುವಿಕೆ ನೋಡಲು ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಆ ಗುಂಡಿಯಲ್ಲಿ ಬ್ಲೂಬೆರಿ ಉಳಿಯುವುದಿಲ್ಲ. ಜಿಗುಟು ಮಣ್ಣಿನಲ್ಲಿ ಗುಂಡಿ ತೋಡಿ ಅದರೊಳಗೆ ಪೀಟ್ ತುಂಬುವುದೂ ತಪ್ಪೇ. ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ. ಅದರ ಬದಲು ನೆಲದ ಮೇಲೆ 20ರಿಂದ 30 ಸೆಂ.ಮೀ. ಎತ್ತರದ ಏರುಮಡಿ ಕಟ್ಟಿ.

ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ಕುಂಡವೇ. ಮಣ್ಣನ್ನು ನಾವೇ ಕಲಸುವುದರಿಂದ ಹತೋಟಿ ನಮ್ಮ ಕೈಯಲ್ಲಿರುತ್ತದೆ, ತಪ್ಪಾದರೆ ಬೇಗ ತಿಳಿಯುತ್ತದೆ. ಎಳೆ ಗಿಡಕ್ಕೆ 15ರಿಂದ 20 ಲೀಟರಿನ ಕುಂಡ ಸಾಕು, ಎರಡು ವರ್ಷದ ನಂತರ 40ರಿಂದ 50 ಲೀಟರಿನದಕ್ಕೆ ಬದಲಿಸಿ. ಆಳಕ್ಕಿಂತ ಅಗಲ ಮುಖ್ಯ. ಕಪ್ಪು ಬಣ್ಣದ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ, ತಿಳಿ ಬಣ್ಣದ್ದು ಒಳ್ಳೆಯದು. ಕುಂಡದ ಕೆಳಗೆ ನೀರು ನಿಲ್ಲುವ ತಟ್ಟೆ ಇಡಬೇಡಿ.

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು. ಮಧ್ಯಾಹ್ನದ ಬಿಸಿಲು ತೀರಾ ಸುಡುವಂತಿದ್ದರೆ ಆ ಹೊತ್ತಿಗಷ್ಟೇ ನೆರಳು ಸಿಗುವ ಜಾಗ ಹುಡುಕಿ.

## ಹಂತ 3: ಚಳಿಗೆ ತಕ್ಕ ತಳಿ

ಬ್ಲೂಬೆರಿ ಚಳಿಗಾಲದಲ್ಲಿ ನಿದ್ದೆಗೆ ಹೋಗುವ ಗಿಡ. ಆ ನಿದ್ದೆ ಮುಗಿದು ಸರಿಯಾಗಿ ಹೂ ಬಿಡಬೇಕಾದರೆ ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಇಂತಿಷ್ಟು ಗಂಟೆಗಳು ಬೇಕು. ತಳಿಯಿಂದ ತಳಿಗೆ ಈ ಲೆಕ್ಕ ಬಹಳ ಬೇರೆ.

ನಾರ್ದರ್ನ್ ಹೈಬುಷ್ ಗುಂಪಿನ ಬ್ಲೂಕ್ರಾಪ್, ಡ್ಯೂಕ್ ಮುಂತಾದವಕ್ಕೆ 800 ಗಂಟೆ ಮತ್ತು ಅದಕ್ಕೂ ಮೇಲೆ ಬೇಕು. ಇವು ಗಟ್ಟಿ ಚಳಿಯ ಪ್ರದೇಶಕ್ಕೆ ಮಾತ್ರ. ರ‍್ಯಾಬಿಟ್‌ಐ ಗುಂಪಿನ ಬ್ರೈಟ್‌ವೆಲ್, ಟಿಫ್‌ಬ್ಲೂ ಮುಂತಾದವಕ್ಕೆ ಸುಮಾರು 350ರಿಂದ 700 ಗಂಟೆ ಸಾಕು, ಸೆಕೆಯನ್ನೂ ಚೆನ್ನಾಗಿ ತಡೆಯುತ್ತವೆ. ಚಳಿ ಕಡಿಮೆ ಇರುವ ಕಡೆ ಸದರ್ನ್ ಹೈಬುಷ್ ಗುಂಪನ್ನು ನೋಡಿ: ಮಿಸ್ಟಿ, ಎಮರಾಲ್ಡ್, ಜುವೆಲ್, ಶಾರ್ಪ್‌ಬ್ಲೂ, ಬಿಲಾಕ್ಸಿ. ಇವುಗಳಲ್ಲಿ ಕೆಲವು ಬೆಚ್ಚಗಿನ ಜಾಗದಲ್ಲಿ ಎಲೆಯನ್ನೇ ಉದುರಿಸದೆ ವರ್ಷವಿಡೀ ಹಸಿರಾಗಿರುತ್ತವೆ. ತಳಿಯ ಹೆಸರೇ ಬರೆಯದ, ಬರೀ 'ಬ್ಲೂಬೆರಿ' ಎಂದಿರುವ ಗಿಡವನ್ನು ಕೊಳ್ಳಬೇಡಿ. ಎಲೆ ಸೊಗಸಾಗಿ ಬೆಳೆದು ಹೂವೇ ಬಿಡದ ಗಿಡಗಳ ಹಿಂದೆ ಸಾಮಾನ್ಯವಾಗಿ ಈ ತಪ್ಪು ಇರುತ್ತದೆ.

ಒಂದೇ ಹೊತ್ತಿಗೆ ಹೂ ಬಿಡುವ ಎರಡು ಬೇರೆ ಬೇರೆ ತಳಿ ಇರಲಿ. ಹೈಬುಷ್ ತಳಿಗಳು ಒಂಟಿಯಾಗಿಯೂ ಕಾಯಿ ಕಟ್ಟುತ್ತವೆ, ಜೊತೆಯಿದ್ದರೆ ಹಣ್ಣು ದಪ್ಪಗಾಗುತ್ತದೆ. ರ‍್ಯಾಬಿಟ್‌ಐಗೆ ಅದೇ ಗುಂಪಿನ ಇನ್ನೊಂದು ತಳಿ ಇರಲೇಬೇಕು.

ಬೀಜದಿಂದ ಬೆಳೆಸುವ ಆಸೆ ಬೇಡ. ತಾಯಿಗಿಡದ ಗುಣ ಬರುವುದಿಲ್ಲ, ಹಣ್ಣು ನೋಡಲು ವರ್ಷಗಳೇ ಬೇಕು. ಎರಡು ಅಥವಾ ಮೂರು ವರ್ಷದ ಗಿಡ ತನ್ನಿ.

## ಹಂತ 4: ಮಣ್ಣಿನ ಸಿದ್ಧತೆ

ನೆಲದಲ್ಲಾದರೆ: ನಾಟಿಗೆ ಆರು ತಿಂಗಳು ಮೊದಲೇ ಗಂಧಕ ಬೆರೆಸಿ, ಒಂದು ವರ್ಷ ಮೊದಲಾದರೆ ಇನ್ನೂ ಒಳ್ಳೆಯದು. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿ ಬದಲಿಸಬೇಕು, ಅದಕ್ಕೆ ತೇವ, ಬೆಚ್ಚಗಿನ ವಾತಾವರಣ, ಗಾಳಿ ಮೂರೂ ಬೇಕು. ಪಿಎಚ್ ಅನ್ನು 6.5ರಿಂದ 4.5ಕ್ಕೆ ಇಳಿಸಲು ಮರಳುಮಣ್ಣಿಗೆ ಚದರ ಮೀಟರಿಗೆ ಸುಮಾರು 75 ಗ್ರಾಂ, ಗೋಡುಮಣ್ಣಿಗೆ ಸುಮಾರು 225 ಗ್ರಾಂ ಬೇಕಾಗುತ್ತದೆ. ಜೇಡಿಗೆ ಇನ್ನೂ ಹೆಚ್ಚು. ಹೆಚ್ಚಿನ ಪ್ರಮಾಣವನ್ನು ಒಂದೇ ಸಲ ಹಾಕದೆ ಎರಡು ಕಂತು ಮಾಡಿ, ಮೇಲಿನ 15ರಿಂದ 20 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ. ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಬೇಗ ಕೆಲಸ ಆಗುತ್ತದೆಂದು ಅಲ್ಯುಮಿನಿಯಂ ಸಲ್ಫೇಟ್ ಸುರಿಯುವವರಿದ್ದಾರೆ, ಅಲ್ಯುಮಿನಿಯಂ ಹೆಚ್ಚಾದರೆ ಬೇರಿಗೇ ವಿಷ.

ಕುಂಡದಲ್ಲಾದರೆ: ಐದು ಪಾಲು ಪೀಟ್ ಮಾಸ್, ಮೂರು ಪಾಲು ಪೈನ್ ತೊಗಟೆಯ ಚೂರು, ಎರಡು ಪಾಲು ಪರ್ಲೈಟ್. ತೋಟದ ಮಣ್ಣು ಒಂದು ಹಿಡಿಯೂ ಬೇಡ. ಚೀಲದಲ್ಲಿ ಸಿಗುವ ಸಿದ್ಧ ಮಿಶ್ರಣಗಳಿಗೆ ಸಾಮಾನ್ಯವಾಗಿ ಸುಣ್ಣ ಸೇರಿಸಿರುತ್ತಾರೆ, ಅವು ಬೇರೆ ಗಿಡಗಳಿಗಾಗಿ ಮಾಡಿದವು. ಚೀಲದ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿ.

ಪೀಟ್ ಸಿಗದಿದ್ದರೆ ಕೋಕೋಪಿಟ್ ಬಳಸಬಹುದು, ಆದರೆ ಅದು ಪೀಟ್‌ನಷ್ಟು ಹುಳಿಯಲ್ಲ. ಉಪ್ಪಿನಂಶವೂ ಇರಬಹುದು, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಗಂಧಕ ಬೆರೆಸಿ, ತೇವ ಮಾಡಿಟ್ಟು, ಪಿಎಚ್ 5.5ಕ್ಕಿಂತ ಇಳಿಯುವವರೆಗೆ ಕಾಯಬೇಕು.

ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿದರೆ ಗಿಡ ಚೆನ್ನಾಗಿರುತ್ತದೆ ಎಂಬ ನಂಬಿಕೆ ನಮಗೆಲ್ಲ ಮೈಗೂಡಿಬಿಟ್ಟಿದೆ. ಇಲ್ಲಿ ಅದನ್ನು ಬಿಡಬೇಕು. ಇವುಗಳ ಪಿಎಚ್ ಸಾಮಾನ್ಯವಾಗಿ 7ರ ಆಸುಪಾಸು, ಲವಣವೂ ಹೆಚ್ಚು. ಒಲೆಬೂದಿ, ಮೊಟ್ಟೆಸಿಪ್ಪೆ, ಸುಣ್ಣವಂತೂ ಹತ್ತಿರಕ್ಕೂ ಬರಬಾರದು. ಬಳಸಿದ ಕಾಫಿ ಚರಟದಿಂದ ಮಣ್ಣು ಹುಳಿಯಾಗುತ್ತದೆ ಎಂದೂ ಲೆಕ್ಕ ಹಾಕಬೇಡಿ. ಅದರ ಹುಳಿಯೆಲ್ಲ ಡಿಕಾಕ್ಷನ್ ಜೊತೆಗೇ ಇಳಿದು ಹೋಗಿರುತ್ತದೆ.

## ಹಂತ 5: ನಾಟಿ

ಒಣ ಪೀಟ್ ನೀರನ್ನು ಹೀರದೆ ಆಚೆಗೆ ತಳ್ಳುತ್ತದೆ. ಮೇಲಿನಿಂದ ಸುರಿದ ನೀರು ಕುಂಡದ ಅಂಚಿನಿಂದ ಇಳಿದು ಹೋಗಿ, ನಡುವೆ ಪುಡಿ ಒಣಗಿಯೇ ಇರುತ್ತದೆ. ಆದ್ದರಿಂದ ಮಿಶ್ರಣಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಕೈಯಿಂದ ಕಲಸಿ, ಒಂದೆರಡು ಗಂಟೆ ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬೀಳುವಷ್ಟು ಹದವಿರಬೇಕು.

ಗಿಡವನ್ನು ನರ್ಸರಿ ಕುಂಡದ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಿರಿ. ಆಮೇಲೆ ಹೊರಗೆಳೆದು ಬೇರಿನ ಮುದ್ದೆಯನ್ನು ನೋಡಿ. ಬೇರುಗಳು ಕುಂಡದ ಆಕಾರದಲ್ಲೇ ಸುತ್ತಿಕೊಂಡು ಕಂದು ಬಣ್ಣದ ಚಾಪೆಯಂತಾಗಿದ್ದರೆ, ಹಾಗೆಯೇ ನೆಡಬಾರದು. ಸುತ್ತಲೂ ನಾಲ್ಕು ಕಡೆ ಮೇಲಿನಿಂದ ಕೆಳಗೆ ಚೂಪಾದ ಚಾಕುವಿನಿಂದ ಒಂದು ಸೆಂ.ಮೀ. ಆಳ ಗೀರಿ, ತಳದ ಗಂಟನ್ನು ಬೆರಳಿನಿಂದ ಬಿಡಿಸಿ ಹರಡಿ. ಗಿಡಕ್ಕೆ ನೋವಾಗುತ್ತದೆಂದು ಈ ಕೆಲಸ ಬಿಟ್ಟವರ ಗಿಡವನ್ನು ಒಂದು ವರ್ಷದ ಮೇಲೆ ಕಿತ್ತು ನೋಡಿದರೆ, ಬೇರು ಹಳೆಯ ಕುಂಡದ ಆಕಾರ ಬಿಟ್ಟು ಒಂದಿಂಚೂ ಆಚೆ ಹೋಗಿರುವುದಿಲ್ಲ.

ನರ್ಸರಿಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ನೆಲದಲ್ಲಾದರೆ ಹೈಬುಷ್ ಗಿಡಗಳ ನಡುವೆ 1.2ರಿಂದ 1.5 ಮೀಟರ್, ರ‍್ಯಾಬಿಟ್‌ಐ ಆದರೆ ಸುಮಾರು 2 ಮೀಟರ್ ಅಂತರ ಕೊಡಿ. ಮೇಲೆ ಪೈನ್ ತೊಗಟೆ, ಪೈನ್ ಎಲೆ ಅಥವಾ ಹಳೆಯ ಮರದ ಹೊಟ್ಟನ್ನು 8ರಿಂದ 10 ಸೆಂ.ಮೀ. ದಪ್ಪಕ್ಕೆ ಹೊದಿಸಿ. ಕುಂಡದಲ್ಲಿ 4–5 ಸೆಂ.ಮೀ. ಸಾಕು. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಬುಡ ಅಗೆದು ಮಣ್ಣು ಸಡಿಲಿಸುವ ಅಭ್ಯಾಸವಿದ್ದವರು ಇಲ್ಲಿ ಕೈ ಕಟ್ಟಿಕೊಳ್ಳಬೇಕು. ಬೇರು ಮೇಲೇ ಇರುವುದರಿಂದ ಗುದ್ದಲಿ ತಗುಲಿದರೆ ಕತ್ತರಿಸಿಯೇ ಹೋಗುತ್ತದೆ. ಕಳೆ ಬಂದರೆ ಕೈಯಿಂದ ಕೀಳಿ.

ಮೊದಲ ವರ್ಷ ಬಂದ ಹೂವನ್ನೆಲ್ಲ ಚಿವುಟಿ ಹಾಕಿ. ಗಿಡ ಸೊರಗಿದ್ದರೆ ಎರಡನೇ ವರ್ಷವೂ. ಗಂಟೆಯಾಕಾರದ ಆ ಬಿಳಿ ಹೂಗೊಂಚಲನ್ನು ಕೀಳಲು ಮನಸ್ಸು ಬರುವುದಿಲ್ಲ ನಿಜ. ಆದರೆ ಎಳೆ ಗಿಡ ಹಣ್ಣಿಗೆ ಸುರಿಯುವ ಶಕ್ತಿ ಬೇರು ಮತ್ತು ಕಾಂಡಕ್ಕೆ ಹೋಗಬೇಕಾದದ್ದು.

## ಹಂತ 6: ನೀರು

ನೆಲದಲ್ಲಿರುವ ಗಿಡಕ್ಕೆ ವಾರಕ್ಕೆ 2.5ರಿಂದ 5 ಸೆಂ.ಮೀ. ಮಳೆಗೆ ಸಮನಾದ ನೀರು ಬೇಕು. ಕುಂಡಕ್ಕೆ ಬಿಸಿ ದಿನಗಳಲ್ಲಿ ದಿನಾ ನೀರು ಬೇಕಾಗಬಹುದು. ಲೆಕ್ಕಕ್ಕಿಂತ ಬೆರಳನ್ನು ನಂಬಿ. ಹೊದಿಕೆ ಸರಿಸಿ ಎರಡು ಇಂಚು ಆಳಕ್ಕೆ ಬೆರಳು ತೂರಿಸಿ, ತಂಪಾಗಿ ತೇವವಾಗಿದ್ದರೆ ಇವತ್ತಿಗೆ ನೀರು ಬೇಡ.

ಹೊಸದಾಗಿ ನೆಲಕ್ಕೆ ನೆಟ್ಟ ಗಿಡದಲ್ಲಿ ಸುತ್ತಲಿನ ಮಣ್ಣು ಒದ್ದೆಯಾಗಿದ್ದೂ ಬೇರಿನ ಮುದ್ದೆ ಒಣಗಿರಬಹುದು. ಮೊದಲ ಕೆಲವು ತಿಂಗಳು ನೀರು ಕಾಂಡದ ಹತ್ತಿರ, ನೇರವಾಗಿ ಆ ಮುದ್ದೆಯ ಮೇಲೆಯೇ ಬೀಳುವಂತೆ ನೋಡಿಕೊಳ್ಳಿ.

ಮಳೆನೀರು ಹಿಡಿದಿಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಗಡಸು ನೀರೇ ಗತಿಯಾದರೆ ಹೀಗೆ ಮಾಡಿ: ಅಳತೆ ಮಾಡಿದ ಹತ್ತು ಲೀಟರ್ ನೀರಿಗೆ ಸಿಟ್ರಿಕ್ ಆಮ್ಲವನ್ನು ಅರ್ಧ ಗ್ರಾಂನಂತೆ ಹಾಕುತ್ತಾ, ಪ್ರತಿ ಸಲ ಕಲಕಿ ಮೀಟರ್ ನೋಡುತ್ತಾ ಹೋಗಿ. ಪಿಎಚ್ 5ರಿಂದ 5.5ರ ನಡುವೆ ಬಂದಾಗ ನಿಲ್ಲಿಸಿ, ಒಟ್ಟು ಎಷ್ಟು ಹಿಡಿಯಿತೆಂದು ಬರೆದಿಡಿ. ಮುಂದೆ ಅದೇ ಅಳತೆ. ನೀರಿನ ಮೂಲ ಬದಲಾದರೆ ಅಥವಾ ಋತು ಬದಲಾದರೆ ಮತ್ತೊಮ್ಮೆ ಪರೀಕ್ಷಿಸಿ. ಇನ್ನೊಬ್ಬರು ಹೇಳಿದ 'ಬಕೆಟಿಗೆ ಒಂದು ಚಮಚ' ಎಂಬ ಅಳತೆ ನಿಮ್ಮ ನೀರಿಗೆ ಹೊಂದುವುದಿಲ್ಲ.

ತಿಂಗಳಿಗೊಮ್ಮೆ ಕುಂಡದ ತಳದಿಂದ ಇಳಿದ ನೀರನ್ನು ಹಿಡಿದು ಪಿಎಚ್ ನೋಡಿ. ಅದು ತಿಂಗಳಿಂದ ತಿಂಗಳಿಗೆ ಏರುತ್ತಾ 6ರ ಹತ್ತಿರ ಬರುತ್ತಿದ್ದರೆ ಎಲೆ ಹಳದಿಯಾಗುವ ಮುಂಚೆಯೇ ನಿಮಗೆ ಎಚ್ಚರಿಕೆ ಸಿಕ್ಕಿತು. ನೀರು ಹಾಕುವಾಗ ತಳದಿಂದ ಸ್ವಲ್ಪ ಹರಿದುಹೋಗುವಷ್ಟು ಹಾಕಿದರೆ ಲವಣವೂ ತೊಳೆದುಹೋಗುತ್ತದೆ.

## ಹಂತ 7: ಗೊಬ್ಬರ

ಈ ಗಿಡಕ್ಕೆ ಸಾರಜನಕ ಅಮೋನಿಯಂ ರೂಪದಲ್ಲಿ ಬೇಕು, ನೈಟ್ರೇಟ್ ರೂಪದ್ದನ್ನು ಸರಿಯಾಗಿ ಬಳಸಿಕೊಳ್ಳಲಾರದು. ಪೊಟ್ಯಾಶ್ ಕೊಡುವಾಗ ಕ್ಲೋರೈಡ್ ಇರುವ ಮ್ಯೂರಿಯೇಟ್ ಬೇಡ, ಸಲ್ಫೇಟ್ ಇರಲಿ.

ನಾಟಿ ಮಾಡಿದ ದಿನ ಗೊಬ್ಬರ ಹಾಕಬೇಡಿ. ಹೊಸ ಚಿಗುರು ಬಂದು ಎಲೆ ಬಲಿತ ಮೇಲೆ, ನೆಲದ ಗಿಡಕ್ಕೆ 15 ಗ್ರಾಂ ಅಮೋನಿಯಂ ಸಲ್ಫೇಟನ್ನು ಕಾಂಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಉದುರಿಸಿ ನೀರು ಕೊಡಿ. ಎರಡು ತಿಂಗಳ ಮೇಲೆ ಇನ್ನೊಮ್ಮೆ. ಎರಡನೇ ವರ್ಷ ಪ್ರತಿ ಕಂತು 30 ಗ್ರಾಂ. ಮಣ್ಣಿನ ಪಿಎಚ್ ಈಗಾಗಲೇ 5ಕ್ಕಿಂತ ಕೆಳಗಿದ್ದರೆ ಅಮೋನಿಯಂ ಸಲ್ಫೇಟ್ ಅದನ್ನು ಇನ್ನೂ ಇಳಿಸುತ್ತದೆ, ಆಗ ಯೂರಿಯಾ ಬಳಸಿ, ಅದೂ ಅರ್ಧಕ್ಕಿಂತ ಕಡಿಮೆ ಪ್ರಮಾಣದಲ್ಲಿ. ಚಳಿಗಾಲಕ್ಕೆ ಎರಡು ಮೂರು ತಿಂಗಳಿರುವಾಗ ಗೊಬ್ಬರ ನಿಲ್ಲಿಸಿ.

ಕುಂಡದ ಗಿಡಕ್ಕೆ ಅಜೇಲಿಯಾ, ಕ್ಯಾಮೆಲಿಯಾದಂಥ ಹುಳಿಮಣ್ಣಿನ ಗಿಡಗಳಿಗೆಂದೇ ಮಾಡಿದ ನಿಧಾನವಾಗಿ ಕರಗುವ ಗೊಬ್ಬರ ಅನುಕೂಲ. ಪೊಟ್ಟಣದ ಮೇಲಿರುವ ಪ್ರಮಾಣದ ಅರ್ಧದಿಂದ ಶುರುಮಾಡಿ. ಕಡಿಮೆಯಾದರೆ ಮತ್ತೆ ಹಾಕಬಹುದು, ಹೆಚ್ಚಾಗಿ ಸುಟ್ಟ ಬೇರನ್ನು ಸರಿಮಾಡಲಾಗದು.

## ಹಂತ 8: ಎಲೆ ನೋಡಿ ತೊಂದರೆ ಗುರುತಿಸುವುದು

ಎಳೆ ಎಲೆ ಹಳದಿ, ನರ ಹಸಿರು: ಪಿಎಚ್ ಏರಿದೆ, ಕಬ್ಬಿಣ ಸಿಗುತ್ತಿಲ್ಲ. ಕೂಡಲೇ ನೀರಿನ ಪಿಎಚ್ ಸರಿಮಾಡಿ. ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಕೊಟ್ಟರೆ ಎಲೆ ಹಸಿರಾಗುತ್ತದೆ, ಆದರೆ ಅದು ತಾತ್ಕಾಲಿಕ. ಹಸಿರು ಕಂಡಿತೆಂದು ಮಣ್ಣನ್ನು ಮರೆತರೆ ಮತ್ತೆ ಹಳದಿಯಾಗುತ್ತದೆ.

ಕೆಳಗಿನ ಹಳೆ ಎಲೆ ಇಡಿಯಾಗಿ ತಿಳಿಹಳದಿ, ಬೆಳವಣಿಗೆ ಕುಂಠಿತ: ಸಾರಜನಕದ ಕೊರತೆ. ಹೊದಿಕೆಗೆ ಹಸಿ ಮರದ ಹೊಟ್ಟು ಹಾಕಿದ್ದರೆ ಅದು ಕೊಳೆಯುವಾಗ ಸಾರಜನಕ ಕಬಳಿಸುತ್ತಿರಬಹುದು.

ಎಲೆಯಂಚು ಕಂದಾಗಿ ಒಣಗಿದೆ: ಗೊಬ್ಬರದ ಲವಣ ಹೆಚ್ಚಾಗಿದೆ, ಅಥವಾ ಗಿಡ ಒಮ್ಮೆ ಪೂರ್ತಿ ಒಣಗಿತ್ತು. ಗೊಬ್ಬರ ನಿಲ್ಲಿಸಿ, ಮಳೆನೀರಿನಿಂದ ಕುಂಡವನ್ನು ಎರಡು ಮೂರು ಸಲ ತೊಳೆಯುವಂತೆ ನೀರು ಹಾಯಿಸಿ.

ಮಣ್ಣು ಒದ್ದೆಯಿದ್ದರೂ ಗಿಡ ಬಾಡಿದೆ: ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ. ನೀರು ಸಾಲದೆಂದು ಇನ್ನಷ್ಟು ನೀರು ಸುರಿದರೆ ಗಿಡ ಹೋಯಿತೆಂದೇ ಲೆಕ್ಕ. ಕುಂಡದಿಂದ ತೆಗೆದು ಬೇರು ನೋಡಿ. ಆರೋಗ್ಯವಂತ ಬೇರು ತಿಳಿಕಂದು, ಗಟ್ಟಿ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರುವಂತಿದ್ದರೆ ಬೇರುಕೊಳೆ ಶುರುವಾಗಿದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಟ್ಟು, ನೆರಳಿನಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಉಳಿಯುವ ಭರವಸೆ ಕಡಿಮೆ.

ಎಲೆ ಕೆಂಪಾಗಿದೆ: ಚಳಿ ಬರುತ್ತಿರುವ ಹೊತ್ತಾದರೆ ಸಹಜ, ಗಾಬರಿ ಬೇಡ. ಬೆಳೆಯುವ ಋತುವಿನಲ್ಲಾದರೆ ಬೇರಿಗೆ ತೊಂದರೆಯಾಗಿದೆಯೇ, ನೀರು ನಿಂತಿದೆಯೇ ನೋಡಿ.

## ಹಂತ 9: ಸವರುವುದು

ಮೊದಲ ಮೂರು ವರ್ಷ ಒಣಗಿದ, ಮುರಿದ, ನೆಲಕ್ಕೆ ಬಾಗಿದ ಕಡ್ಡಿ ತೆಗೆದರೆ ಸಾಕು. ನಾಲ್ಕನೇ ವರ್ಷದಿಂದ, ಚಳಿಗಾಲದ ಕೊನೆಯಲ್ಲಿ ಮೊಗ್ಗು ಒಡೆಯುವ ಮುಂಚೆ, ಸರಿಯಾಗಿ ಸವರಿ.

ಹಣ್ಣು ಬರುವುದು ಹಿಂದಿನ ಋತುವಿನಲ್ಲಿ ಬೆಳೆದ ಕಡ್ಡಿಯಲ್ಲಿ. ಅದರ ತುದಿಯಲ್ಲಿರುವ ದಪ್ಪ, ದುಂಡನೆಯ ಮೊಗ್ಗು ಹೂವಿನದು, ಕೆಳಗಿನ ಸಪೂರ, ಚೂಪು ಮೊಗ್ಗು ಎಲೆಯದು. ಇದು ತಿಳಿಯದೆ ಬೇಲಿ ಕತ್ತರಿಸುವ ಹಾಗೆ ಎಲ್ಲ ತುದಿಗಳನ್ನೂ ಸಮ ಮಾಡಿದರೆ ಆ ವರ್ಷದ ಹಣ್ಣೆಲ್ಲ ಕಸಕ್ಕೆ ಹೋಗುತ್ತದೆ. ಆರು ವರ್ಷ ದಾಟಿದ ದಪ್ಪ, ಬೂದುಬಣ್ಣದ ಕಾಂಡಗಳಲ್ಲಿ ಒಂದೆರಡನ್ನು ಪ್ರತಿ ವರ್ಷ ಬುಡದಿಂದಲೇ ತೆಗೆಯಿರಿ, ಬುಡದಿಂದ ಬರುವ ಹೊಸ ಕಾಂಡಗಳಲ್ಲಿ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಿ. ಗಿಡದಲ್ಲಿ ಬೇರೆ ಬೇರೆ ವಯಸ್ಸಿನ ಆರರಿಂದ ಎಂಟು ಕಾಂಡಗಳಿರಲಿ.

## ಹಂತ 10: ಕೊಯ್ಲು

ಹೂ ಉದುರಿ ಎರಡು ಮೂರು ತಿಂಗಳಿಗೆ ಹಣ್ಣು ಮಾಗುತ್ತದೆ. ಬಣ್ಣ ತಿರುಗುವ ಮುಂಚೆಯೇ ಬಲೆ ಹಾಕಿ, ನೀಲಿ ಕಂಡ ಮೇಲೆ ಹಕ್ಕಿಗಳು ನಮಗಿಂತ ಮುಂದಿರುತ್ತವೆ. ಆದರೆ ಹೂವಿರುವಾಗ ಬಲೆ ಬೇಡ, ಜೇನುನೊಣ ಮತ್ತು ದುಂಬಿ ಬರಬೇಕು.

ನೀಲಿಯಾದ ದಿನವೇ ಕೀಳುವುದು ಎಲ್ಲರೂ ಮಾಡುವ ತಪ್ಪು. ಹಣ್ಣನ್ನು ತಿರುಗಿಸಿ ತೊಟ್ಟಿನ ಸುತ್ತ ನೋಡಿ, ಕೆಂಪು ಉಂಗುರವಿದ್ದರೆ ಇನ್ನೂ ಹುಳಿ. ಪೂರ್ತಿ ನೀಲಿಯಾದ ಮೇಲೂ ನಾಲ್ಕೈದು ದಿನ ಬಿಡಿ. ಕಿತ್ತ ಮೇಲೆ ಬ್ಲೂಬೆರಿ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಹೆಬ್ಬೆರಳಿನಿಂದ ಹಗುರವಾಗಿ ಉರುಳಿಸಿದರೆ ಮಾಗಿದ್ದು ತಾನಾಗಿ ಅಂಗೈಗೆ ಬೀಳುತ್ತದೆ. ಒಂದೇ ಗೊಂಚಲಿನ ಹಣ್ಣೆಲ್ಲ ಒಟ್ಟಿಗೆ ಮಾಗದ ಕಾರಣ ನಾಲ್ಕೈದು ದಿನಕ್ಕೊಮ್ಮೆ ಕೀಳುತ್ತಾ ಹೋಗಬೇಕು. ಅತಿ ಮಾಗಿದ್ದನ್ನು ಗಿಡದಲ್ಲೇ ಬಿಟ್ಟರೆ ಹಣ್ಣಿನ ನೊಣ ಮೊಟ್ಟೆಯಿಡುತ್ತದೆ.

ಮೇಲಿನ ಬೂದಿಯಂಥ ಮೇಣದ ಪೊರೆ ಹಣ್ಣನ್ನು ಕಾಯುತ್ತದೆ. ಹಾಗಾಗಿ ತೊಳೆಯದೆಯೇ ಫ್ರಿಜ್‌ನಲ್ಲಿಟ್ಟು, ತಿನ್ನುವ ಮುಂಚೆ ತೊಳೆಯಿರಿ.

ಕೊಯ್ಲು ಮುಗಿಯಿತೆಂದು ಗಿಡವನ್ನು ಒಣಗಲು ಬಿಡಬೇಡಿ. ಮುಂದಿನ ವರ್ಷದ ಹೂಮೊಗ್ಗು ಕಟ್ಟುವುದು ಕೊಯ್ಲಿನ ನಂತರದ ತಿಂಗಳುಗಳಲ್ಲೇ, ಆಗಲೂ ನೀರು ಮೊದಲಿನಷ್ಟೇ ಬೇಕು. ಹೊದಿಕೆ ಕೊಳೆತು ತೆಳುವಾಗಿದ್ದರೆ ಈಗಲೇ ಹೊಸದನ್ನು ಸೇರಿಸಿ, ಮಣ್ಣಿನ ಪಿಎಚ್ ಅನ್ನೂ ಇನ್ನೊಮ್ಮೆ ನೋಡಿ.